ಅರ್ಜಿಯಲ್ಲಿ ಎರಡು, ಬಾಯಲ್ಲಿ ಮೂರು

ಅಣ್ಣನಿಗೆ ಕೆನಡಾದ ಹುಚ್ಚು ಹಿಡಿಸಿದವನು ಅವನ ಷಡ್ಡಕ. ಅತ್ತಿಗೆಯ ತಂಗಿಯ ಗಂಡ, ಅಲ್ಲಿ ಡಾಕ್ಟರ್. ರಜೆಗೆ ಬಂದಾಗಲೆಲ್ಲ ಅಣ್ಣಿಗೇರಿಯ ನಮ್ಮ ಪಡಸಾಲೆಯಲ್ಲಿ ಕೂತು, ಹಿತ್ತಲಿನಾಚೆಯ ಮಿಲ್ಲಿನಿಂದ ಬರುವ ಕುಸುಬಿ ಎಣ್ಣೆಯ ವಾಸನೆಗೆ ಕರವಸ್ತ್ರ ಹಿಡಿದು, ಅಲ್ಲಿಯ ರಸ್ತೆಗಳ ಸುದ್ದಿ ಹೇಳುತ್ತಿದ್ದ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಸಲ ಬಂದವನು ಹೊಸದೊಂದು ಸುದ್ದಿ ತಂದ. ವ್ಯಾಪಾರದಲ್ಲಿ ನುರಿತವರು, ಸಾಕಷ್ಟು ಆಸ್ತಿ ಉಳ್ಳವರು ಅಲ್ಲಿ ಬಂಡವಾಳ ಹೂಡಿದರೆ ಮನೆಯವರ ಸಮೇತ ಕಾಯಂ ವಾಸದ ಹಕ್ಕು ಕೊಡುತ್ತಾರಂತೆ. ಇಲ್ಲಿಂದ ರೂಪಾಯಿ ಹೊರಗೆ ಒಯ್ಯುವುದು ಕಾಯಿದೆಯಿಂದಾಗಿ ದುಸ್ತರವಾಗಿದ್ದ ಕಾಲ ಅದು. ಅಲ್ಲಿ ಹೂಡುವ ಹಣ ಸದ್ಯಕ್ಕೆ ನನ್ನದಿರಲಿ, ನೀವು ಇಲ್ಲಿಯ ಆಸ್ತಿ ಮತ್ತು ಅನುಭವ ತೋರಿಸಿದರೆ ಸಾಕು ಅಂದ ಷಡ್ಡಕ. ಇಷ್ಟು ಔದಾರ್ಯ ಎಲ್ಲಿಂದ ಉಕ್ಕಿ ಬಂತೆಂದು ನನಗೆ ಆಗಲೇ ಸಂಶಯ ಬಂದಿತ್ತು. ಕೇಳಿದರೆ ಅಣ್ಣ ಬೈಯುತ್ತಾನೆಂದು ಸುಮ್ಮನಿದ್ದೆ.

ಅಣ್ಣ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಎಣ್ಣೆ ಮಿಲ್ಲನ್ನು ಬೆಳೆಸಿದವನು ಅವನೇ, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಹುಬ್ಬಳ್ಳಿಗೆ ಕಳಿಸಿ ಬಿ.ಕಾಂ. ಓದಿಸಿದವನೂ ಅವನೇ. ಓದಿ ಬಂದ ನಾನು ಮಿಲ್ಲಿನ ಆಫೀಸು ನೋಡಿಕೊಂಡಿದ್ದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ಈ ಅರ್ಜಿಯ ಗುಮಾಸ್ತಿಕೆಯೂ ನನ್ನ ಕೊರಳಿಗೇ ಬಿತ್ತು.

ಮುಂಬಯಿಯಲ್ಲೊಬ್ಬ ಸಲಹೆಗಾರನನ್ನು ಷಡ್ಡಕನೇ ಗೊತ್ತು ಮಾಡಿಕೊಟ್ಟಿದ್ದ. ಅವನಿಂದ ದಪ್ಪನೆಯ ಲಕೋಟೆ ಬಂತು. ಸಂಜೆ ಮಿಲ್ ನಿಂತ ಮೇಲೆ ಅರ್ಜಿಯನ್ನು ಮೇಜಿನ ಮೇಲೆ ಹರವಿಕೊಂಡು ಕೂತೆ. ಅಣ್ಣ ಎದುರಿಗೆ ಎಲೆ ಅಡಿಕೆ ಹಾಕಿಕೊಂಡು ಕೂತ. ನನ್ನ ಮಗಳು ಅವನ ತೊಡೆಯ ಮೇಲಿದ್ದಳು. ಐದು ವರ್ಷದವಳು. ಅಣ್ಣನಿಗೆ ಇಬ್ಬರೂ ಗಂಡುಮಕ್ಕಳು, ಹೆಣ್ಣಿಗಾಗಿ ಹಂಬಲಿಸಿದ್ದವನು. ಹಾಗಾಗಿ ಇವಳು ಹುಟ್ಟಿದಾಗಿನಿಂದ ನನಗಿಂತ ಅವನ ಹತ್ತಿರವೇ ಹೆಚ್ಚು. ದಿನಾ ಬೆಳಿಗ್ಗೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಊರು ಸುತ್ತಿಸಿ ಮಿಲ್ಲಿಗೆ ಕರೆತರುತ್ತಿದ್ದ. ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ, "ಸೋಮವಾರಕ್ಕಿಂತ ಪಾವ್ ಕಿಲೋ ಹೆಚ್ಚಾಗ್ಯಾಳ ನೋಡ್ರಿ" ಎಂದು ಹಮಾಲರಿಗೆಲ್ಲ ಸಾರುತ್ತಿದ್ದ.

"ಮಕ್ಕಳು ಎಷ್ಟು ಅಂತ ಕೇಳ್ಯಾರ" ಅಂದೆ.

"ಮೂರ್ ಮಂದಿ ಬರಿ."

"ಅಣ್ಣಾ, ನಿನ್ನ ಮಕ್ಕಳು."

"ಅದನ್ನ ಹೇಳೂದಲೇ. ಎರಡ್ ಗಂಡು, ಒಂದ್ ಹೆಣ್ಣು" ಎಂದು ಬೆರಳು ಮಡಿಸಿದ.

ಲಕೋಟೆಯ ಜೊತೆ ಒಂದು ಪುಸ್ತಿಕೆ ಇತ್ತು. ಅದರಲ್ಲಿ ಕುಟುಂಬ ಎಂದರೆ ಯಾರು ಎಂದು ಕೊಟ್ಟಿದ್ದನ್ನು ಓದಿ ಹೇಳಿದೆ. ಗಂಡ, ಹೆಂಡತಿ, ಅವರಿಗೆ ಹುಟ್ಟಿದ ಮದುವೆಯಾಗದ ಮಕ್ಕಳು. ಅಷ್ಟೇ. ಅಣ್ಣ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಅಲ್ಲಿಯವರೆಗೂ ಅವನ ಮನಸ್ಸಿನಲ್ಲಿ ಅವ್ವ, ನಾನು, ನನ್ನ ಹೆಂಡತಿ, ಮಗಳು ಎಲ್ಲರೂ ಅದೇ ವಿಮಾನದಲ್ಲಿ ಕೂತಿದ್ದರು. "ಎಲ್ಲಾರೂ ಕೂಡೇ ಹೋಗೂಣು" ಎಂದೇ ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ಯಾವನಲೇ ಇದನ್ನ ಬರದಾಂವಾ? ಅವಂಗ ಅಣ್ಣ ತಮ್ಮರು ಇಲ್ಲೇನು?" ಅಂದ.

ನಾನು ನಕ್ಕೆ. ಅರ್ಜಿಯಲ್ಲಿ ಎರಡು ಎಂದು ಬರೆದೆ. ಹುಚ್ಚು ಅಲ್ಲಿಗೇ ಇಳಿಯುತ್ತದೆಂದು ನಾನು ತಿಳಿದಿದ್ದೆ. ಇಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಅಣ್ಣ ಅಂದ: "ಮದಲ ನಾ ಹೋಗಿ ಕಾಲೂರತೇನಿ. ಆಮ್ಯಾಲ ನಿಮ್ಮನ್ನ ಕರಸ್ಕೋತೇನಿ."

ಮುಂದಿನ ಕೆಲವು ತಿಂಗಳು ನಾನು ಪಟ್ಟ ಪಾಡು ಹೇಳಿದರೆ ನಗು ಬರುತ್ತದೆ. ಅಣ್ಣನ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹೊಲದ ಪಹಣಿ ಉತಾರದಲ್ಲಿ ಮುಂದಿತ್ತು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಿಂದಿತ್ತು, ಶಾಲೆಯ ದಾಖಲೆಯಲ್ಲಿ ಇರಲೇ ಇಲ್ಲ. ಮೂರೂ ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಅಣ್ಣ, ಅವನ ಇಬ್ಬರು ಮಕ್ಕಳು, ಮೂವರೂ ಹುಟ್ಟಿದ್ದು ಜೂನ್ ಒಂದರಂದು. ಶಾಲೆಗೆ ಹಾಕುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು, ನಮ್ಮ ಭಾಗದಲ್ಲಿ ಅರ್ಧ ಊರು ಅಂದೇ ಹುಟ್ಟಿದೆ. ಸಲಹೆಗಾರ ಫೋನಿನಲ್ಲಿ, ಇಡೀ ಮನೆ ಒಂದೇ ದಿನ ಹುಟ್ಟಿದ್ದು ಹೇಗೆ ಎಂದು ಕೇಳಿದ. ಅವನಿಗೆ ಇದನ್ನು ತಿಳಿಸಿ ಹೇಳುವ ಹೊತ್ತಿಗೆ ಟ್ರಂಕ್ ಕಾಲಿನ ವೇಳೆ ಮುಗಿದು ಹೋಗಿತ್ತು. ಹೊಲದ ಲೆಕ್ಕ ಇಡುವ ತಲಾಟಿ ಉತಾರ ಕೊಡಲು ನಾಳೆ ಬಾ ಎಂದ, ನಾಡಿದ್ದು ಬಾ ಎಂದ. ಮಿಲ್ಲಿನ ಯಂತ್ರಗಳ ಬೆಲೆ ಕಟ್ಟಲು ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ನಮ್ಮ ಹಳೆಯ ಗಾಣ ನೋಡಿ, "ಇದು ಮ್ಯೂಜಿಯಮ್ಮಿಗೆ ಛಲೋ ಐತ್ರಿ" ಎಂದು ಹೋದ.

ಇವೆಲ್ಲ ಕಾಲು ಸವೆಸುವ ಕೆಲಸ, ಮಾಡಿದೆ. ನಿಜವಾದ ಗಂಟು ಬೇರೆಯೇ ಇತ್ತು. ಆಸ್ತಿಯ ಪಟ್ಟಿ ನೋಡಿದ ಸಲಹೆಗಾರ, "ಇದರಲ್ಲಿ ಅರ್ಜಿದಾರನದು ಯಾವುದು?" ಎಂದು ಕೇಳಿದ. ಮಿಲ್ಲು, ಗೋದಾಮು, ದಲಾಲಿ ಅಂಗಡಿ, ಹೊಲ, ಮನೆ ಎಲ್ಲವೂ ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದವು. ತೆರಿಗೆ ತುಂಬುತ್ತಿದ್ದದ್ದೂ ಹಾಗೆಯೇ. ಅಣ್ಣ ಯಜಮಾನ, ನಿಜ. ಆದರೆ ಇದು ನನ್ನದು ಎಂದು ತೋರಿಸಲು ಅವನ ಬಳಿ ಆ ಸ್ಕೂಟರ್ ಬಿಟ್ಟರೆ ಬೇರೇನೂ ಇರಲಿಲ್ಲ. ಆ ದೇಶಕ್ಕೆ ಬೇಕಾಗಿದ್ದದ್ದು ಅವನ ಸ್ವಂತ ಆಸ್ತಿ.

ಹುಬ್ಬಳ್ಳಿಯ ವಕೀಲರ ಬಳಿ ಹೋದೆವು. ಅವರು ವಾಟ್ನಿ ಆಗಬೇಕು ಅಂದರು. ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮಲ್ಲಿ ವಾಟ್ನಿ ಅನ್ನುತ್ತಾರೆ. ಮಿಲ್ಲೊಂದನ್ನೇ ಅಣ್ಣನಿಗೆ ಬರೆದರಾಗದೇ ಎಂದು ಕೇಳಿದೆ. ಅರ್ಧಂಬರ್ಧ ವಾಟ್ನಿಯನ್ನು ತೆರಿಗೆ ಕಚೇರಿ ಒಪ್ಪುವುದಿಲ್ಲ, ಆಗುವುದಾದರೆ ಪೂರ್ತಿ ಆಗಬೇಕು, ಒಂದು ಚಮಚೆಯೂ ಕೂಡಿ ಉಳಿಯಬಾರದು ಅಂದರು. ಅರ್ಜಿಗೆ ಬೇಕಾದಷ್ಟು ಆಸ್ತಿ ತೋರಬೇಕಾದರೆ ಮಿಲ್ಲು, ಗೋದಾಮು, ಅಂಗಡಿ ಅಣ್ಣನ ಕಡೆಗೇ ಬೀಳಬೇಕು. ನನ್ನ ಪಾಲಿಗೆ ಕರಿಮಣ್ಣಿನ ಎರಿ ಹೊಲ ಮತ್ತು ಮನೆಯ ಅರ್ಧ.

ಆ ದಿನ ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ ವಕೀಲರ ಮೆಟ್ಟಿಲು ಇಳಿದ. "ಲೇ ತಮ್ಮಾ, ಕಾಗದದಾಗ ಅಷ್ಟಲೇ. ನಮ್ಮ ನಮ್ಮೊಳಗ ಎಂಥಾ ವಾಟ್ನಿ? ನಾ ಹೋದ ಮ್ಯಾಲ ಮಿಲ್ ನಡಸಾಂವ ನೀನ ಅಲ್ಲೇನು?"

ಅವನು ಅದನ್ನು ಸುಳ್ಳಾಗಿ ಹೇಳಿದ್ದಲ್ಲ. ಈಗಲೂ ನನಗೆ ಹಾಗೇ ಅನಿಸುತ್ತದೆ, ಅದಕ್ಕೇ ಹೆಚ್ಚು ಉರಿಯುತ್ತದೆ. ನನ್ನ ಹೆಂಡತಿ ಮಾತ್ರ ಮೊದಲ ದಿನವೇ ಅಂದಿದ್ದಳು: "ಕಾಗದದಾಗ ಅಷ್ಟ ಅಂದ್ರ, ಕಾಗದದಾಗ ಮಿಲ್ ನಿಮ್ಮ ಕಡೆ ಇರಲಿ ಅನ್ರಿ ನೋಡೂಣು." ನಾನು ಅವಳಿಗೇ ಗದರಿದೆ. ನನ್ನನ್ನು ಓದಿಸಿದವನ ಮುಂದೆ ಅಂಥ ಮಾತು ಹೇಗೆ ಆಡಲಿ? ನವಲಗುಂದದ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲೆಲ್ಲಿ ಬೆರಳು ತೋರಿಸಿದರೋ ಅಲ್ಲೆಲ್ಲ ಸಹಿ ಮಾಡಿದೆ. ಅವ್ವ ತನ್ನ ಪಾಲು ಬಿಟ್ಟುಕೊಟ್ಟೆನೆಂದು ಹೆಬ್ಬೆಟ್ಟು ಒತ್ತಿದಳು. ಸಾಕ್ಷಿ ಹಾಕಲು ಬಂದಿದ್ದ ಮಿಲ್ಲಿನ ಮಿಸ್ತ್ರಿ, ಯಮನೂರಿನವನು, ಹೊರಗೆ ಚಹಾ ಕುಡಿಯುವಾಗ ನನ್ನನ್ನು ಕೇಳಿದ: "ಸಣ್ಣ ಸಾವಕಾರ್ರ, ನಾಳಿಯಿಂದ ನಾ ರಜಾ ಯಾರನ್ನ ಕೇಳ್ಲಿ?" ಎಲ್ಲರೂ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ಅವ್ವ ಒಂದೇ ಒಂದು ಕರಾರು ಹಾಕಿದ್ದಳು. "ಕಾಗದ ಏನರ ಮಾಡ್ಕೋರಿ ಯಪ್ಪಾ. ನಾ ಇರೂತನಕಾ ಒಲಿ ಎರಡ ಆಗಬಾರದು."

ದಿಲ್ಲಿಯಲ್ಲಿ ಸಂದರ್ಶನದ ದಿನ ಗೊತ್ತಾದಾಗ ಸಲಹೆಗಾರ ಮತ್ತೆ ಎಚ್ಚರಿಸಿದ. ಬೇರೆಯಾಗಿದ್ದೀರಿ ಎಂದು ತೋರಿಸಿದ್ದೀರಿ, ಹಾಗಿದ್ದರೆ ಬೇರೆ ಅಡುಗೆ ಹೂಡಿ, ಬೇರೆ ರೇಷನ್ ಕಾರ್ಡ್ ಮಾಡಿಸಿ ಅಂದ. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. "ದಿಲ್ಲಿ ಸಾಹೇಬ ನಮ್ಮ ಒಲಿ ನೋಡಾಕ ಬರ್ತಾನೇನು?" ಅಂದ. ವಾಟ್ನಿ ಪತ್ರ ಕಪಾಟಿನಲ್ಲಿತ್ತು. ಒಲೆಯ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದೆವು. ಮಗಳು ಅವನ ತಾಟಿನಿಂದಲೇ ಮುರಿದು ತಿನ್ನುತ್ತಿದ್ದಳು.

ದಿಲ್ಲಿಗೆ ನಾವು ಮೂವರು ಹೋದೆವು. ಅಣ್ಣ, ಅತ್ತಿಗೆ ಮತ್ತು ನಾನು. ಹುಬ್ಬಳ್ಳಿಯ ಗಾಡಿ ಹಿಡಿದು ಮೀರಜಿನಲ್ಲಿ ಬದಲಿಸಿ, ದಾರಿಯುದ್ದಕ್ಕೂ ನಾನು ಪರೀಕ್ಷೆ ತೆಗೆದುಕೊಂಡೆ. ಮಿಲ್ಲಿನ ದಿನದ ಉತ್ಪಾದನೆ, ಹಿಂಡಿ ಎಲ್ಲಿಗೆ ಹೋಗುತ್ತದೆ, ಕುಸುಬಿ ಸಿಗದ ತಿಂಗಳು ಏನು ಮಾಡುತ್ತೀರಿ, ಅಲ್ಲಿ ಯಾವ ವ್ಯವಹಾರದಲ್ಲಿ ಹಣ ತೊಡಗಿಸುತ್ತೀರಿ. ಎಲ್ಲದಕ್ಕೂ ಅಣ್ಣ ಅರಳು ಹುರಿದಂತೆ ಉತ್ತರಿಸಿದ. ನಮ್ಮ ಮಿಲ್ಲು ಅನ್ನಬೇಡ, ನನ್ನ ಮಿಲ್ಲು ಅನ್ನು ಎಂದು ತಿದ್ದಿದೆ. ಅದು ಅವನ ನಾಲಿಗೆಗೆ ಕೂರಲು ಭೋಪಾಳ ದಾಟಬೇಕಾಯಿತು. ಮಕ್ಕಳೆಷ್ಟು ಎಂದು ಮಾತ್ರ ನಾನು ಕೇಳಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕಲಿಸಿಕೊಡುತ್ತಾರೆಯೇ?

ಕೆನಡಾದ ರಾಯಭಾರ ಕಚೇರಿಯಲ್ಲಿ ಅಂದು ಕನ್ನಡ ಬಲ್ಲ ದುಭಾಷಿ ಇರಲಿಲ್ಲ. ಅಧಿಕಾರಿ ನಡುವಯಸ್ಸಿನವರು, ಸೌಜನ್ಯದ ಮನುಷ್ಯ. ನನ್ನ ಗುರುತು ಕೇಳಿಕೊಂಡು, ತಮ್ಮನಾದರೂ ಅಡ್ಡಿಯಿಲ್ಲ, ಆದರೆ ಅಣ್ಣ ಹೇಳಿದ್ದನ್ನಷ್ಟೇ ಹೇಳಬೇಕು, ಕೂಡಿಸಬಾರದು ಕಳೆಯಬಾರದು ಎಂದು ಒಪ್ಪಿಸಿಕೊಂಡು ನನ್ನನ್ನೇ ದುಭಾಷಿಯಾಗಿ ಕೂರಿಸಿಕೊಂಡರು. ಮೊದಲು ವ್ಯಾಪಾರದ ಪ್ರಶ್ನೆಗಳು. ಅಣ್ಣ ಎದೆ ಸೆಟೆಸಿ ನನ್ನ ಮಿಲ್ಲು, ನನ್ನ ಗೋದಾಮು ಎಂದು ಹೇಳಿದ. ನಾನು ಅದನ್ನು ಇಂಗ್ಲಿಷಿಗೆ ತಂದೆ. ಅಧಿಕಾರಿ ತಲೆದೂಗುತ್ತಿದ್ದರು. ಕಾಗದಗಳನ್ನು ಜೋಡಿಸಿಟ್ಟು, ಮುಗಿಯಿತು ಎನ್ನುವಂತೆ ಪೆನ್ನಿನ ಕ್ಯಾಪು ಹಾಕಿ, ಸುಮ್ಮನೆ ಕುಶಲ ಕೇಳುವ ದನಿಯಲ್ಲಿ ಕೇಳಿದರು: ನಿಮಗೆ ಮಕ್ಕಳೆಷ್ಟು?

ನಾನು ಕನ್ನಡದಲ್ಲಿ ಕೇಳಿದೆ.

ಅಣ್ಣನ ಮುಖ ಅರಳಿತು. ಅಷ್ಟು ಹೊತ್ತು ಪರೀಕ್ಷೆಗೆ ಕೂತವನು ಆಗ ಮನೆಗೆ ಬಂದ ಬೀಗರೊಡನೆ ಮಾತಾಡುವವನಂತಾದ. "ಮೂರ್ ಮಂದಿ ರೀ ಸಾಹೇಬ್ರ" ಅಂದ. ಕೈ ಎತ್ತಿ ಬೆರಳು ಮಡಿಸಿದ. ಒಂದು, ಎರಡು, ಮೂರು. ಮೂರನೆಯ ಬೆರಳು ಮಡಿಸುವಾಗ, "ಹೆಣ್ಮಗಳು ಅಗದಿ ಶಾಣೇಕಿ" ಎಂದು ಸೇರಿಸಿದ.

ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಅಧಿಕಾರಿಯ ದೃಷ್ಟಿ ಬೆರಳುಗಳ ಮೇಲಿತ್ತು. ನಾನು ಏನು ಹೇಳಿದರೂ ಅವರಿಗೆ ಆಗಲೇ ತಿಳಿದಿತ್ತು. ಮೂರು ಅಂದೆ.

ಅವರು ಪೆನ್ನಿನ ಕ್ಯಾಪು ಮತ್ತೆ ತೆಗೆದರು. ಅರ್ಜಿಯಲ್ಲಿ ಎರಡು ಎಂದಿದೆ, ಮೂರನೆಯ ಮಗುವನ್ನು ಯಾಕೆ ಬಚ್ಚಿಟ್ಟಿರಿ ಎಂದು ಕೇಳಿದರು. "ಅದು ಇವನ ಮಗಳ್ರೀ" ಎಂದು ಅಣ್ಣ ನನ್ನತ್ತ ಕೈ ಮಾಡಿದ. ಹಾಗಾದರೆ ನಿಮ್ಮ ಮಗಳೆಂದು ಯಾಕೆ ಹೇಳಿದಿರಿ? ನಾನು ಅಧಿಕಾರಿಯ ಅಪ್ಪಣೆ ಕೇಳಿ, ನಮ್ಮಲ್ಲಿ ತಮ್ಮನ ಮಕ್ಕಳೂ ಮಕ್ಕಳೇ, ಎಣಿಸುವಾಗ ಬೇರೆ ಮಾಡುವುದಿಲ್ಲ ಎಂದು ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಅಷ್ಟೇ ಸೌಜನ್ಯದಿಂದ ಮುಂದಿನ ಪ್ರಶ್ನೆ ಹಾಕಿದರು. ಹಾಗಾದರೆ ನೀವೆಲ್ಲ ಒಂದೇ ಮನೆಯಲ್ಲಿದ್ದೀರಾ? ಅಡುಗೆ ಒಂದೆಯೇ? ಮಿಲ್ಲಿನ ಆದಾಯದಲ್ಲಿ ಯಾರು ಯಾರು ಉಣ್ಣುತ್ತೀರಿ?

ಅತ್ತ ದರಿ, ಇತ್ತ ಪುಲಿ. ಮೂರು ನಿಜವೆಂದರೆ ಮಗುವನ್ನು ಮುಚ್ಚಿಟ್ಟಂತೆ. ಎರಡು ನಿಜವೆಂದರೆ ನಾವು ಕೂಡಿದ ಮನೆ, ವಾಟ್ನಿ ಬರೀ ನಾಟಕ, ಮಿಲ್ಲು ಅವನದಲ್ಲ. ಅಣ್ಣ ನನ್ನ ಮುಖ ನೋಡಿದ. ಅಡುಗೆ ಬೇರೆ ಎಂದು ಅವನು ಹೇಳಿದ್ದರೆ ನಾನು ಅದನ್ನೂ ಇಂಗ್ಲಿಷಿಗೆ ತರುತ್ತಿದ್ದೆ. ಆದರೆ ಅವ್ವನ ಒಲೆಯನ್ನು ಎರಡೆಂದು ಹೇಳಲು ಅವನಿಗೂ ಬಾಯಿ ಬರಲಿಲ್ಲ. "ಒಂದ ಐತ್ರಿ" ಅಂದ, ತೀರಾ ಸಣ್ಣ ದನಿಯಲ್ಲಿ. ಒಂದೇ ಇದೆ ಎಂದು ನಾನು ಹೇಳಿದೆ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಅಣ್ಣ ಮೊದಲು ಆಡಿದ ಮಾತು, "ನೀ ಎರಡ ಅನಬೇಕಾಗಿತ್ತು."

"ಬೆರಳು ಮೂರು ಮಡಿಚಿದ್ದಿ ನೀ."

"ಓದಿಸಿದ್ದು ಎದಕ್ಕಲೇ ನಿನ್ನ? ಒಂದ್ ಮಾತು ತಿರುವಾಕ ಬರಲಿಲ್ಲ?"

ಅಂದೇ ರಾತ್ರಿಯ ಗಾಡಿಗೆ ಮರಳಿದೆವು. ಭೋಪಾಳದಲ್ಲಿ ನಾನು ಕೊಂಡು ತಂದ ಚಹಾವನ್ನು ಅಣ್ಣ ಕಿಟಕಿಯಿಂದ ಚೆಲ್ಲಿದ. ಕೆಲವು ವಾರಗಳ ಮೇಲೆ ಅರ್ಜಿ ತಿರಸ್ಕೃತವಾದ ಪತ್ರ ಬಂತು. ಓದಿ ಹೇಳು ಎಂದ, ಓದಿ ಹೇಳಿದೆ. ಆಸ್ತಿಯ ಒಡೆತನ ಮತ್ತು ಕುಟುಂಬದ ವಿವರ ನಂಬುವಂತಿಲ್ಲ ಎಂಬುದು ಅದರ ಸಾರಾಂಶ. ಷಡ್ಡಕ ಅಲ್ಲಿಂದ ಬರೆದ ಕಾಗದದಲ್ಲಿ, ಇಷ್ಟು ಸಣ್ಣ ಮಾತಿನಲ್ಲಿ ಮುಗ್ಗರಿಸುತ್ತೀರೆಂದು ತಿಳಿದಿರಲಿಲ್ಲ ಎಂದು ಬರೆದಿದ್ದ. ಅದು ಅಣ್ಣನಿಗೆ ತಿರಸ್ಕಾರದ ಪತ್ರಕ್ಕಿಂತ ಹೆಚ್ಚು ನಾಟಿತು.

ಅಂದು ಊಟಕ್ಕೆ ಕೂತಾಗ ಮಗಳು ಎಂದಿನಂತೆ ಅವನ ತಾಟಿಗೆ ಕೈ ಹಾಕಿದಳು. ಅಣ್ಣ ತಾಟು ಆಚೆ ಸರಿಸಿದ. "ಮಂದಿ ಮಕ್ಕಳನ್ನ ಎಣಿಸಿ ಕೆಟ್ಟೆ" ಅಂದ.

ನಮ್ಮ ಕಡೆ ಮಂದಿ ಎಂದರೆ ಎಣಿಸುವ ಜನ. ಮಂದಿ ಎಂದರೆ ಹೊರಗಿನವರು ಕೂಡ. ಮೂರ್ ಮಂದಿ ಎಂದಾಗ ನನ್ನ ಮಗಳು ಒಳಗಿದ್ದಳು, ಅದೇ ಪದದಲ್ಲಿ ಈಗ ಹೊರಗೆ ಬಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ನಾನು ಉಣ್ಣುತ್ತ ಕೂತಿದ್ದೆ, ಯಾಕೆ ಏಳಲಿಲ್ಲ ಎಂದು ಇಂದಿಗೂ ತಿಳಿಯುವುದಿಲ್ಲ.

ಇನ್ನು ಅರ್ಜಿಯ ಕೆಲಸ ಮುಗಿಯಿತಲ್ಲ, ವಾಟ್ನಿ ರದ್ದು ಮಾಡಿಸೋಣ ಎಂದು ಮುಂದಿನ ವಾರ ಕೇಳಿದೆ. ಅಣ್ಣ ಮಿಲ್ಲಿನ ಆಫೀಸಿನಲ್ಲಿ, ನನ್ನ ಕುರ್ಚಿಯಲ್ಲಿ ಕೂತಿದ್ದ. ತಲೆ ಎತ್ತದೆ ಹೇಳಿದ: "ಎದಕ್ಕ ರದ್ದು? ರಜಿಸ್ಟರ್ ಆದ ಕಾಗದ ಅದು."

"ಕಾಗದದಾಗ ಅಷ್ಟ ಅಂದಿದ್ದಿ."

"ಹೌದಪಾ. ಕಾಗದದಾಗ ಇದ್ದಷ್ಟ."

ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ವಕೀಲರ ಬಳಿ ಹೋದೆ. ನಿಮ್ಮದೇ ಸಹಿ, ನಿಮ್ಮದೇ ತಿಳುವಳಿಕೆ, ಇಂಗ್ಲಿಷ್ ಬಲ್ಲ ಪದವೀಧರ, ಮೋಸ ಹೋದೆ ಎಂದರೆ ಯಾವ ಕೋರ್ಟು ನಂಬುತ್ತದೆ ಅಂದರು. ಅವರು ಹೇಳಿದ್ದು ಸರಿಯಿತ್ತು. ಪತ್ರದ ಕರಡನ್ನು ತಿದ್ದಿದವನೂ ನಾನೇ. ಪಡಸಾಲೆಯ ನಡುವೆ ಗೋಡೆ ಎದ್ದಿತು. ಅವ್ವನ ಕರಾರು ಮುರಿದು ನಮ್ಮ ಭಾಗದಲ್ಲಿ ಹೊಸ ಒಲೆ ಹೂಡಿದ ದಿನ ಅವಳು ಎರಡೂ ಕಡೆ ಉಣ್ಣಲಿಲ್ಲ. ಸಲಹೆಗಾರ ಸಂದರ್ಶನಕ್ಕೆ ಮುಂಚೆ ಕೇಳಿದ್ದ ಬೇರೆ ಅಡುಗೆ, ಬೇರೆ ರೇಷನ್ ಕಾರ್ಡು, ಎಲ್ಲವೂ ಈಗ ಸಾಂಗವಾಗಿ ಆದವು. ನಾನು ಎರಿ ಹೊಲಕ್ಕೆ ಕುಸುಬಿ ಹಾಕಿದೆ.

ಸುಗ್ಗಿ ಮುಗಿದ ಮೇಲೆ ಕಾಳು ಒಡೆಸಲು ಚಕ್ಕಡಿಯಲ್ಲಿ ಚೀಲ ಹೇರಿಕೊಂಡು ಮಿಲ್ಲಿಗೆ ಹೋದೆ. ಊರಲ್ಲಿ ಬೇರೆ ಮಿಲ್ಲು ಇರಲಿಲ್ಲ. ಮಗಳು ಹಟ ಹಿಡಿದು ಜೊತೆಗೆ ಬಂದಿದ್ದಳು. ಮಿಸ್ತ್ರಿ ನನ್ನನ್ನು ಕಂಡು ಓಡಿ ಬಂದು, ಮುಂದೆ ಬರ್ರಿ ಎಂದ. ಬೇಡ, ಪಾಳಿ ಹಚ್ಚುತ್ತೇನೆ ಎಂದೆ. ಗಿರಾಕಿಗಳ ಸಾಲಿನಲ್ಲಿ ನಿಂತೆ. ಒಳಗೆ ಬೆಲ್ಟು ತಿರುಗುವ ಸದ್ದು ಅದೇ, ವಾಸನೆಯೂ ಅದೇ. ಮಗಳು ಮಾತ್ರ ನನ್ನ ಕೈ ಬಿಡಿಸಿಕೊಂಡು, ಹಳೆಯ ರೂಢಿಯಂತೆ ಹೋಗಿ ಕಾಟಾದ ಮೇಲೆ ನಿಂತು, ಆಫೀಸಿನ ಕಿಟಕಿಯ ಕಡೆ ಮುಖ ಮಾಡಿ ಕಾಯತೊಡಗಿದಳು.

ಕಿಟಕಿಯೊಳಗೆ ಅಣ್ಣನ ಎದುರು ರೇಷನ್ ಕಾರ್ಡು ತಪಾಸಣೆಗೆ ಬಂದ ಗುಮಾಸ್ತ ಕೂತಿದ್ದ. ಊರಿಗೆ ಹೊಸಬ. "ಸಾವಕಾರ್ರ, ಮಕ್ಕಳು ಎಷ್ಟು ಮಂದಿ ಬರೀಲಿ?" ಎಂದು ಅವನು ಕೇಳಿದ್ದು ಹೊರಗೆ ನಿಂತ ನಮಗೆಲ್ಲ ಕೇಳಿಸಿತು.

ಅಣ್ಣ ತಲೆ ಎತ್ತಿದ. ಕಾಟಾದ ಮೇಲೆ ನಿಂತ ಮಗುವನ್ನು ನೋಡಿದ. ನೋಡಲಿಲ್ಲ ಎಂದು ನಾನು ಹೇಳಲಾರೆ, ನೇರ ಅವಳನ್ನೇ ನೋಡಿದ.

"ಎರಡ್ ಮಂದಿ" ಅಂದ.

ಬೆರಳು ಮಡಿಸಲಿಲ್ಲ, ತಡವರಿಸಲೂ ಇಲ್ಲ. ಈ ಸಲ ಅವನ ಉತ್ತರ ಅರ್ಜಿಗೆ ಸರಿಯಾಗಿ ತಾಳೆಯಾಗಿತ್ತು.